ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಊರವರೂ ಹೊರಗಿನವರೂ

ಹಳೆಯ ಶಿಲ್ಪ, ಶಾಸನ, ನಾಣ್ಯ, ಆಯುಧ, ಚಿತ್ರಪಟ ಮೊದಲಾದವನ್ನು ಒಂದೆಡೆ ಕೂಡಿಟ್ಟು ಜನರಿಗೆ ತೋರಿಸುವ ಆಲಯಕ್ಕೆ ವಸ್ತುಸಂಗ್ರಹಾಲಯವೆಂದು ಹೆಸರು. ಅದರ ಒಳಗಿರುವ ಪದಾರ್ಥಗಳ ಚರಿತ್ರೆಯನ್ನು ಬರೆದವರು ಬಹುಮಂದಿ. ಅದರ ಬಾಗಿಲಲ್ಲಿ ಟಿಕೆಟು ಕೊಡುವ ಕಿಂಡಿಯ ಚರಿತ್ರೆಯನ್ನು ಬರೆದವರು ವಿರಳ. ಆದರೆ ಆ ಕಿಂಡಿಯ ಮೇಲೆ ತೂಗುವ ದರದ ಹಲಗೆಯೂ ಒಂದು ಬಗೆಯ ಶಾಸನವೇ ಸರಿ. ಯಾರನ್ನು ತನ್ನವರೆಂದು ಎಣಿಸಬೇಕು, ಯಾರನ್ನು ಹೊರಗಿನವರೆಂದು ಎಣಿಸಬೇಕು ಎಂಬುದನ್ನು ಒಂದು ಊರು, ಒಂದು ನಾಡು, ತಿಳಿದೋ ತಿಳಿಯದೆಯೋ ಅಲ್ಲಿ ಬರೆದಿಡುತ್ತದೆ.

ಗಡಿನಾಡಿನವರಾದ ನಮಗೆ ಈ ವಿಷಯವು ಕೇವಲ ಕುತೂಹಲದ್ದಲ್ಲ. 1956ನೆಯ ಇಸವಿ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಜನರು ತಮ್ಮ ಮನೆಮಾರು ಬಿಟ್ಟು ಕದಲಿದ್ದಿಲ್ಲ. ಅವರ ಸುತ್ತಲಿನ ಗೆರೆಯು ಕದಲಿತು. ಅಂದಿನಿಂದ ಶಾಲೆ, ಕಚೇರಿ, ನೌಕರಿಗಳ ಬಾಗಿಲುಗಳಲ್ಲೆಲ್ಲ ‘ನೀವು ಯಾವ ಕಡೆಯವರು?’ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿಸಿಕೊಂಡಿದ್ದಾರೆ, ನಾವೂ ಕೇಳಿಸಿಕೊಳ್ಳುತ್ತಿದ್ದೇವೆ. ಆದಕಾರಣ, ಊರವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು ದರ ಎಂಬ ಏರ್ಪಾಡು ಲೋಕದಲ್ಲಿ ಹೇಗೆ ಹುಟ್ಟಿತು, ಅದರ ಗೆರೆಯನ್ನು ಎಲ್ಲೆಲ್ಲಿ ಎಳೆದರು, ಅದರಿಂದ ನಾವು ಕಲಿಯತಕ್ಕುದೇನು ಎಂಬುದನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಪರ್ಯಾಲೋಚಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ಮೊದಲು ದೂರದ ಒಂದು ನಗರದ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅಮೆರಿಕದ ನ್ಯೂಯಾರ್ಕು ಪಟ್ಟಣದಲ್ಲಿ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯವೆಂಬುದೊಂದಿದೆ. 1870ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಕೆಲವು ಮಂದಿ ಶ್ರೀಮಂತರೂ ವಿದ್ಯಾವಂತರೂ ಕೂಡಿ ಅದನ್ನು ಸ್ಥಾಪಿಸಿದರು. ಸಂಗ್ರಹವು ಧರ್ಮದರ್ಶಿಗಳದು, ಆದರೆ ಅದನ್ನಿಡಲು ತಕ್ಕ ಕಟ್ಟಡವಿದ್ದಿಲ್ಲ. 1871ರಲ್ಲಿ ಅಲ್ಲಿಯ ರಾಜ್ಯದ ಶಾಸನಸಭೆಯು, ನಗರದ ಹಣದಿಂದ ಕಟ್ಟಡವನ್ನು ಕಟ್ಟಿಸಿಕೊಡಲು ಅನುಮತಿಯಿತ್ತಿತು. 1878ರಲ್ಲಿ ಕರಾರುಪತ್ರವಾಯಿತು. ಕಟ್ಟಡವು ನಗರದ ಸ್ವತ್ತು, ಸಂಗ್ರಹವು ಸಂಸ್ಥೆಯ ಸ್ವತ್ತು. ಸಂಸ್ಥೆಯು ಬಾಡಿಗೆ ಕೊಡತಕ್ಕುದಿಲ್ಲ. ಅದಕ್ಕೆ ಪ್ರತಿಯಾಗಿ ವಾರದಲ್ಲಿ ನಾಲ್ಕು ದಿನ ಜನರನ್ನು ಹಣವಿಲ್ಲದೆ ಒಳಕ್ಕೆ ಬಿಡತಕ್ಕುದು ಎಂಬುದು ಅದರ ಸಾರಾಂಶ. 1880ರ ಮಾರ್ಚಿ 30ರಂದು ಸೆಂಟ್ರಲ್ ಪಾರ್ಕ್ ಎಂಬ ಉಪವನದಲ್ಲಿ ಆ ಕಟ್ಟಡವು ತೆರೆಯಲ್ಪಟ್ಟಿತು.

ಈ ಕರಾರಿನಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಆ ಕಾಲದಲ್ಲಿ ಗೆರೆಯನ್ನು ಎಳೆದುದು ಜನರ ನಡುವೆ ಅಲ್ಲ, ದಿನಗಳ ನಡುವೆ. ಉಚಿತ ದಿನದಲ್ಲಿ ಬಂದವನು ಊರವನಾಗಲಿ, ಪರದೇಶದವನಾಗಲಿ, ಹಣ ಕೊಡಬೇಕಾಗಿರಲಿಲ್ಲ. ಶುಲ್ಕದ ದಿನದಲ್ಲಿ ಬಂದವನು ಯಾರಾದರೂ ಕೊಡಬೇಕಾಗಿತ್ತು. ಆದರೆ ಬಡವನಿಗೆ ಬಿಡುವು ಸಿಗುತ್ತಿದ್ದುದು ಆದಿತ್ಯವಾರ ಒಂದೇ. ಆ ದಿನವೇ ಸಂಗ್ರಹಾಲಯದ ಬಾಗಿಲು ಮುಚ್ಚಿರುತ್ತಿತ್ತು. ಆರು ದಿನ ಕಾರ್ಖಾನೆಯಲ್ಲಿ ದುಡಿಯುವವನಿಗೆ ನಾಲ್ಕು ದಿನ ಉಚಿತವೆಂದರೆ ಏನು ಪ್ರಯೋಜನ? ಸಹಸ್ರಾರು ಮಂದಿ ಸಹಿಹಾಕಿದ ಬಿನ್ನವತ್ತಳೆಗಳು ಸಲ್ಲಿಸಲ್ಪಟ್ಟುವು. ಭಕ್ತರಾದ ದಾನಿಗಳು ಮುನಿದಾರೆಂದೂ, ಒರಟು ಜನರು ಬಂದು ವಸ್ತುಗಳನ್ನು ಕೆಡಿಸಿಯಾರೆಂದೂ ಕೆಲವರು ಹಿಂಜರಿದರು. ಕೊನೆಗೆ 1891ರ ಮೇ 31ರಂದು, ಆದಿತ್ಯವಾರ, ಬಾಗಿಲು ತೆರೆಯಿತು. ಆ ಮೊದಲನೆಯ ಆದಿತ್ಯವಾರವೇ ಸುಮಾರು 12,000 ಜನರು ಒಳಹೊಕ್ಕರು. 1893ರಲ್ಲಿ ಶಾಸನವೊಂದು ಹೊರಟು, ನಗರವು ಪ್ರತಿವರ್ಷ ದ್ರವ್ಯಸಹಾಯ ಮಾಡತಕ್ಕುದೆಂದೂ, ಅದಕ್ಕೆ ಬದಲಾಗಿ ವಾರದಲ್ಲಿ ಐದು ದಿನ ಹಾಗೂ ಎರಡು ಸಂಜೆಗಳಲ್ಲಿ ಉಚಿತ ಪ್ರವೇಶವಿರತಕ್ಕುದೆಂದೂ ವಿಧಿಸಿತು. ಬರಿಯ ‘ಉಚಿತ’ ಎಂಬ ಮಾತು ಸಾಲದು, ಬಡವನ ಬಿಡುವಿನ ವೇಳೆಗೆ ಬಾಗಿಲು ತೆರೆದಿರಬೇಕು ಎಂಬುದೇ ಈ ಹೋರಾಟದ ಪಾಠ.

ಸಂಸ್ಥೆಗೆ ನೂರು ವರ್ಷ ತುಂಬಿದ 1970ರಲ್ಲಿ ಎರಡನೆಯ ಘಟ್ಟವು ಪ್ರಾರಂಭವಾಯಿತು. ಆಗ ಥಾಮಸ್ ಹೋವಿಂಗ್ ಎಂಬವರು ಅದರ ನಿರ್ದೇಶಕರಾಗಿದ್ದರು. ವೆಚ್ಚವು ಏರುತ್ತಿದ್ದಿತು, ನಗರದ ಸಹಾಯವು ಸಾಲದಾಯಿತು. ನಗರದ ಅಧಿಕಾರಿಗಳ ಸಮ್ಮತಿಯನ್ನು ಪಡೆದು ಸಂಸ್ಥೆಯು ಒಂದು ಹೊಸ ಪದ್ಧತಿಯನ್ನು ತಂದಿತು: ಒಳಗೆ ಬರುವ ಪ್ರತಿಯೊಬ್ಬನೂ ಏನಾದರೂ ಕೊಡಲೇಬೇಕು, ಆದರೆ ಎಷ್ಟು ಕೊಡಬೇಕೆಂಬುದು ಅವನ ಇಚ್ಛೆ. ಒಂದು ಸೆಂಟು ಕೊಟ್ಟವನಿಗೂ ಪ್ರವೇಶವುಂಟು, ಹತ್ತು ಡಾಲರು ಕೊಟ್ಟವನಿಗೂ ಅದೇ ಪ್ರವೇಶ. ಹಣ ಕೊಟ್ಟವರಿಗೆ ಅಂಗಿಗೆ ಸಿಕ್ಕಿಸಿಕೊಳ್ಳಲು ಬಣ್ಣದ ತಗಡಿನ ಬಿಲ್ಲೆಯೊಂದನ್ನು ಕೊಡುತ್ತಿದ್ದರು. 1971ರಿಂದ 2013ರ ತನಕ ನಡೆದ ಈ ಬಿಲ್ಲೆಗಳನ್ನು ಆ ಊರಿನವರು ಅಕ್ಕರೆಯಿಂದ ಮನೆಯಲ್ಲಿ ಕೂಡಿಟ್ಟರು. ಯಾರು ಎಷ್ಟು ಕೊಟ್ಟರೆಂಬುದನ್ನು ಬಿಲ್ಲೆಯು ಹೇಳುತ್ತಿದ್ದಿಲ್ಲ. ಒಳಗೆ ಹೋದ ಮೇಲೆ ಶ್ರೀಮಂತನೂ ಬಡವನೂ ಒಂದೇ ಬಣ್ಣದವರು. ನಮ್ಮ ದೇವಾಲಯಗಳ ಕಾಣಿಕೆಯ ಡಬ್ಬಿಯನ್ನು ಬಲ್ಲವರಿಗೆ ಈ ಪದ್ಧತಿಯ ಸೌಜನ್ಯವು ಸುಲಭವಾಗಿ ತಿಳಿಯುವುದು.

ಆದರೆ ಕಾಣಿಕೆಯ ಡಬ್ಬಿಯ ಮೇಲೆ ಯಾರೂ ಮೊತ್ತವನ್ನು ಬರೆಯುವುದಿಲ್ಲ, ಅಲ್ಲಿ ಬರೆದರು. 2006ರಲ್ಲಿ ಹಲಗೆಯ ಮೊತ್ತವು 20 ಡಾಲರು, 2011ರಲ್ಲಿ 25 ಡಾಲರು. ಅದರ ಪಕ್ಕದಲ್ಲಿ ‘ಶಿಫಾರಸು ಮಾಡಿದ್ದು’ ಎಂಬ ಮಾತು ಸಣ್ಣ ಅಕ್ಷರಗಳಲ್ಲಿದ್ದಿತು. ದೂರದಿಂದ ಬಂದವರು, ಅಲ್ಲಿಯ ಭಾಷೆ ಚೆನ್ನಾಗಿ ತಿಳಿಯದವರು, ಅದನ್ನು ಕಡ್ಡಾಯವೆಂದು ತಿಳಿದು ಪೂರ್ತಿ ಕೊಡುತ್ತಿದ್ದರು; ಗುಟ್ಟು ಬಲ್ಲ ಊರವರು ತೋಚಿದಷ್ಟು ಕೊಡುತ್ತಿದ್ದರು. ಹೀಗೆ ಬರಹದಲ್ಲಿಲ್ಲದ ಭೇದವೊಂದು ಆಚರಣೆಯಲ್ಲಿ ತಾನಾಗಿಯೇ ಹುಟ್ಟಿಕೊಂಡಿತು. ಜನರನ್ನು ಮೋಸಗೊಳಿಸುತ್ತಾರೆಂದು ಕೆಲವರು ದಾವೆ ಹೂಡಿದರು. 1893ರ ಶಾಸನದ ಉಲ್ಲಂಘನೆಯೆಂದೂ ವಾದಿಸಿದರು. ಆ ಶಾಸನವನ್ನು ಹಿಡಿದು ಖಾಸಗಿ ಜನರು ದಾವೆ ಮಾಡಲಾಗದೆಂದು 2013ರಲ್ಲಿ ನ್ಯಾಯಾಲಯವು ತೀರ್ಮಾನಿಸಿತು. ಉಳಿದ ವಾದವು 2016ರಲ್ಲಿ ರಾಜಿಯಿಂದ ಮುಗಿಯಿತು: ‘ಶಿಫಾರಸು ಮಾಡಿದ’ ಎಂಬ ಪದವನ್ನು ತೆಗೆದು ‘ಸೂಚಿತ’ ಎಂಬ ಪದವನ್ನು ಸ್ಪಷ್ಟವಾಗಿ ಹಾಕತಕ್ಕುದೆಂದಾಯಿತು. ಹಲಗೆಯ ಮೇಲಿನ ಒಂದು ಪದಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರೆಂದರೆ ಕೆಲವರಿಗೆ ನಗು ಬಂದೀತು. ಹಲಗೆಯ ಭಾಷೆಗಾಗಿ ಮನವಿಗಳನ್ನು ಬರೆದು ಬರೆದು ಬೆರಳು ಸವೆಸಿದ ಗಡಿನಾಡಿನವರಿಗೆ ಮಾತ್ರ ನಗು ಬಾರದು.

ಮೂರನೆಯ ಘಟ್ಟವು 2018ರ ಮಾರ್ಚಿ 1ರಂದು ಬಂದಿತು. ಅಂದಿನಿಂದ ನ್ಯೂಯಾರ್ಕು ರಾಜ್ಯದ ನಿವಾಸಿಗಳಿಗೆ ಮಾತ್ರ ‘ಇಷ್ಟಬಂದಷ್ಟು ಕೊಡುವ’ ಹಳೆಯ ಪದ್ಧತಿ ಉಳಿಯಿತು. ಹೊರಗಿನ ವಯಸ್ಕರಿಗೆ 25 ಡಾಲರು ಕಡ್ಡಾಯವಾಯಿತು. 2022ರ ಜುಲೈ ತಿಂಗಳಲ್ಲಿ ಇದು 30 ಡಾಲರಿಗೆ ಏರಿತು. 12 ವರ್ಷದೊಳಗಿನ ಮಕ್ಕಳಿಗೆ ಎಲ್ಲಿಂದ ಬಂದರೂ ಉಚಿತ. ಸಂಸ್ಥೆಯವರು ಕೊಟ್ಟ ಕಾರಣಗಳನ್ನೂ ಹೇಳುವುದು ನ್ಯಾಯ. ಸುಮಾರು 13 ವರ್ಷಗಳ ಹಿಂದೆ ನೂರಕ್ಕೆ 63 ಮಂದಿ ಹಲಗೆಯ ಮೊತ್ತವನ್ನು ಪೂರ್ತಿ ಕೊಡುತ್ತಿದ್ದರಂತೆ. ಈಗ ಅದು ನೂರಕ್ಕೆ 17ಕ್ಕೆ ಇಳಿದಿದೆ ಎಂದು ಅವರು ಆಗ ಹೇಳಿದರು. ವರ್ಷದ ವೆಚ್ಚವು 30 ಕೋಟಿ ಡಾಲರಿಗೂ ಮಿಕ್ಕುದು. ನಗರವು ಕೊಡುವ ಸಹಾಯವು ಸುಮಾರು 2 ಕೋಟಿ 60 ಲಕ್ಷ ಡಾಲರು. ಊರವರು ತಮ್ಮ ತೆರಿಗೆಯ ಮೂಲಕ ಒಮ್ಮೆ ಕೊಟ್ಟಿದ್ದಾರೆ, ಅವರಿಂದ ಬಾಗಿಲಲ್ಲಿ ಎರಡನೆಯ ಸಲ ಕೇಳುವುದು ಸರಿಯಲ್ಲ. ಕೊಡದೆ ಇದ್ದವರು ಬಾಗಿಲಲ್ಲಿ ಕೊಡಲಿ ಎಂಬುದೇ ಈ ವಾದದ ತಿರುಳು.

ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಊರ ಕೆರೆಯ ಹೂಳೆತ್ತಲು ದುಡಿದವನಿಗೆ ನೀರಿನಲ್ಲಿ ಮೊದಲ ಪಾಲು ಎಂಬುದು ನಮ್ಮ ಹಳ್ಳಿಗಳಿಗೂ ತಿಳಿದ ನ್ಯಾಯವೇ. ಆದರೆ ಪ್ರತಿವಾದಗಳೂ ದುರ್ಬಲವಲ್ಲ. ಹೊರಗಿನಿಂದ ಬಂದವನು ಅದೇ ನಗರದಲ್ಲಿ ತಂಗುತ್ತಾನೆ, ಉಣ್ಣುತ್ತಾನೆ, ಪ್ರತಿಯೊಂದಕ್ಕೂ ತೆರಿಗೆ ಕೊಡುತ್ತಾನೆ. ಅವನು ಏನೂ ಕೊಡದವನೆಂಬುದು ಹೇಗೆ? ಇನ್ನು, ನಿವಾಸಿಯೆಂಬುದಕ್ಕೆ ಗುರುತಿನ ಚೀಟಿಯನ್ನು ತೋರಿಸಬೇಕೆಂದಾಗ, ಸರಿಯಾದ ಕಾಗದಪತ್ರಗಳಿಲ್ಲದೆ ಹೆದರಿ ಬದುಕುವ ಬಡ ವಲಸೆಗಾರನು ಆ ಬಾಗಿಲ ಹತ್ತಿರಕ್ಕೇ ಬಾರದೆ ಹೋದಾನೆಂದು ಅಲ್ಲಿಯ ವಿಮರ್ಶಕರು ಆಕ್ಷೇಪಿಸಿದರು. ಇದಕ್ಕೆ ಸಮಾಧಾನವಾಗಿ ಸಂಸ್ಥೆಯು, ವಿದ್ಯುತ್ತಿನ ಬಿಲ್ಲನ್ನೋ ಗ್ರಂಥಾಲಯದ ಚೀಟಿಯನ್ನೋ ತೋರಿಸಿದರೂ ಸಾಕು, ಏನೂ ಇಲ್ಲದವರನ್ನು ಹಿಂದೆ ಕಳುಹಿಸುವುದಿಲ್ಲ, ಮುಂದಿನ ಸಲ ತರಬೇಕೆಂದು ಮಾತ್ರ ಹೇಳುತ್ತೇವೆ ಎಂದು ಪ್ರಕಟಿಸಿತು.

ಇಲ್ಲಿ ಗೆರೆಯನ್ನು ಎಳೆದ ಬಗೆಯನ್ನು ಗಡಿನಾಡಿನವರ ಕಣ್ಣಿನಿಂದ ನೋಡೋಣ. ಬಫಲೊ ಎಂಬ ಊರು ನ್ಯೂಯಾರ್ಕು ರಾಜ್ಯದ ಪಶ್ಚಿಮದ ಅಂಚಿನಲ್ಲಿದೆ. ಸಂಗ್ರಹಾಲಯಕ್ಕೆ ಸುಮಾರು 600 ಕಿಲೋಮೀಟರು ರಸ್ತೆ. ಜರ್ಸಿ ಸಿಟಿ ಎಂಬ ಊರು ಹಡ್ಸನ್ ನದಿಯ ಆಚೆಯ ದಡದಲ್ಲಿದೆ. ಆ ದಡದಿಂದ ನ್ಯೂಯಾರ್ಕಿನ ಸೌಧಗಳು ಕಣ್ಣಿಗೆ ಕಾಣುತ್ತವೆ. ಆದರೂ ಬಫಲೊದವನು ‘ಊರವನು’, ಜರ್ಸಿಯವನು ‘ಹೊರಗಿನವನು’. ಏಕೆಂದರೆ ನದಿಯ ನಡುವೆ ರಾಜ್ಯದ ಗಡಿಯಿದೆ, ಆಚೆಯದು ನ್ಯೂಜರ್ಸಿ ರಾಜ್ಯ. ದಿನನಿತ್ಯ ನದಿ ದಾಟಿ ನ್ಯೂಯಾರ್ಕಿನಲ್ಲಿ ದುಡಿದು ಬರುವ ಸಹಸ್ರಾರು ಜನರು ಅಲ್ಲಿದ್ದಾರೆ. ಹೊಳೆಯ ಆಚೆಗೆ ನೆಂಟರು, ಈಚೆಗೆ ಗದ್ದೆ, ನಡುವೆ ಗಡಿ ಎಂಬ ಸ್ಥಿತಿಯನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಆದರೆ ಆ ನಿಯಮವನ್ನು ಮಾಡಿದವರು ಒಂದು ಕಿಟಕಿಯನ್ನು ತೆರೆದಿಟ್ಟರು. ನ್ಯೂಯಾರ್ಕಿನ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ, ನೆರೆಯ ನ್ಯೂಜರ್ಸಿ, ಕನೆಕ್ಟಿಕಟ್ ರಾಜ್ಯಗಳ ವಿದ್ಯಾರ್ಥಿಗಳಿಗೂ ಇಷ್ಟಬಂದಷ್ಟೇ ಕೊಡುವ ಸೌಲಭ್ಯವನ್ನು ಇತ್ತರು. ಆ ಮಕ್ಕಳ ತಂದೆತಾಯಿಗಳು ನ್ಯೂಯಾರ್ಕಿಗೆ ಮನೆತೆರಿಗೆ ಕೊಡುವವರಲ್ಲ. ಅವರ ಶಾಲೆಗಳು ಅಲ್ಲಿಯ ಸರಕಾರದವಲ್ಲ. ಆದರೂ, ಕಲಿಯುವ ಮಕ್ಕಳ ವಿಷಯದಲ್ಲಿ ರಾಜ್ಯದ ಗಡಿಯು ಬಾಗಿಲಿನ ಗಡಿಯಾಗಬಾರದೆಂಬ ಭಾವನೆಯು ಅಲ್ಲಿ ಗೆದ್ದಿತು. ಈ ಒಂದು ವಾಕ್ಯವೇ ಆ ನಿಯಮಾವಳಿಯಲ್ಲಿ ನಮಗೆ ಅತ್ಯಂತ ಪ್ರಿಯವಾದುದು.

ಗೆರೆಯನ್ನೇ ಎಳೆಯದ ದೇಶವೂ ಉಂಟು. ಬ್ರಿಟಿಷ್ ಮ್ಯೂಸಿಯಂ ಎಂಬುದು 1753ರ ಶಾಸನದಿಂದ ಹುಟ್ಟಿ 1759ರ ಜನವರಿಯಲ್ಲಿ ತೆರೆದಂದಿನಿಂದ ಹಣ ಕೇಳದೆ ಜನರನ್ನು ಬಿಡುತ್ತಾ ಬಂದಿದೆ. 1974ರಲ್ಲಿ ಆ ದೇಶದ ಸರಕಾರವು ರಾಷ್ಟ್ರೀಯ ಸಂಗ್ರಹಾಲಯಗಳಿಗೆಲ್ಲ ಶುಲ್ಕವನ್ನು ಹಾಕಿತು. ಸರಕಾರ ಬದಲಾಗಿ, ಮೂರು ತಿಂಗಳಲ್ಲೇ ಅದು ರದ್ದಾಯಿತು. ಮುಂದೆ ಕೆಲವು ಸಂಗ್ರಹಾಲಯಗಳು ತಾವಾಗಿ ಶುಲ್ಕವನ್ನು ಆರಂಭಿಸಿದುವು. ಅವುಗಳಲ್ಲಿ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ಒಂದು. 1985ರಲ್ಲಿ ಅದು ಇಚ್ಛಾಕಾಣಿಕೆಯನ್ನು ಕೇಳತೊಡಗಿ, 1996ರಲ್ಲಿ ಕಡ್ಡಾಯ ಶುಲ್ಕವನ್ನು ವಿಧಿಸಿತು. 2001ರ ಅಂತ್ಯಕ್ಕೆ ಸರಕಾರವೇ ಮುಂದೆ ಬಂದು, ರಾಷ್ಟ್ರೀಯ ಸಂಗ್ರಹಾಲಯಗಳೆಲ್ಲವೂ ಮತ್ತೆ ಉಚಿತವಾಗುವಂತೆ ಮಾಡಿತು.

ಈ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿಯೇ ಕನ್ನಡ ನಾಡಿನಿಂದ ಹೋದ ಒಂದು ಪ್ರಸಿದ್ಧ ವಸ್ತುವಿದೆ: ಟಿಪ್ಪು ಸುಲ್ತಾನನ ಮರದ ಹುಲಿ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಕಂಪೆನಿಯವರು ಅದನ್ನು ಒಯ್ದರು. 1808ರಿಂದ ಲಂಡನ್ನಿನಲ್ಲಿ ಕಂಪೆನಿಯ ಪ್ರದರ್ಶನಶಾಲೆಯಲ್ಲಿದ್ದು, ಮುಂದೆ ಈ ಸಂಗ್ರಹಾಲಯಕ್ಕೆ ಬಂದಿತು. ಮೈಸೂರು ಸೀಮೆಯಿಂದ ಹೋದ ಕನ್ನಡಿಗನೊಬ್ಬನು ಇಂದು ಅದನ್ನು ನೋಡಬೇಕಾದರೆ ಬಾಗಿಲಲ್ಲಿ ಕಾಸು ಕೊಡಬೇಕಾಗಿಲ್ಲ. ನಮ್ಮ ವಸ್ತುವನ್ನು ನಮಗೆ ಉಚಿತವಾಗಿ ತೋರಿಸುವುದು ದೊಡ್ಡ ಔದಾರ್ಯವೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯೂ ಯುಕ್ತವಾದುದೇ. ವಾಸಸ್ಥಾನವನ್ನಷ್ಟೇ ನೋಡಿ ಊರವರನ್ನು ಗೊತ್ತುಮಾಡಿದರೆ, ವಸ್ತುವು ಹುಟ್ಟಿದ ನಾಡಿನವನೇ ಅದರ ಮುಂದೆ ಹೊರಗಿನವನಾಗಿ ನಿಲ್ಲಬೇಕಾಗುವುದು. ಲಂಡನ್ನಿನ ಪದ್ಧತಿಯು ಈ ವಿಚಿತ್ರವನ್ನು ತಪ್ಪಿಸಿದೆ; ಆದರೆ ಅದರ ಖರ್ಚನ್ನು ಆ ದೇಶದ ಬೊಕ್ಕಸವು ಹೊರಬೇಕಾಗಿದೆ.

ಫ್ರಾನ್ಸಿನವರು ಬೇರೆ ಹಾದಿ ಹಿಡಿದಿದ್ದಾರೆ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯವು 2024ರಿಂದ ಎಲ್ಲರಿಗೂ 22 ಯೂರೋ ಶುಲ್ಕವನ್ನು ಗೊತ್ತುಮಾಡಿದ್ದಿತು; 2026ರ ಜನವರಿಯಿಂದ ಐರೋಪ್ಯ ಆರ್ಥಿಕ ವಲಯದ ಹೊರಗಿನವರಿಗೆ 32 ಯೂರೋ ಎಂದು 2025ರ ನವೆಂಬರದಲ್ಲಿ ನಿರ್ಣಯಿಸಿತು. ಇಲ್ಲಿಯೂ ಗೆರೆಯು ಫ್ರಾನ್ಸಿನ ಗಡಿಯಲ್ಲಿ ನಿಲ್ಲಲಿಲ್ಲ. ಅಕ್ಕಪಕ್ಕದ ಹಲವು ರಾಷ್ಟ್ರಗಳನ್ನು ಬಳಸಿಕೊಂಡು ಹೋಯಿತೆಂಬುದನ್ನು ಗಮನಿಸತಕ್ಕುದು.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಹಳೆಯ ಕೋಟೆ ಕೊತ್ತಳ, ಗುಡಿ ಗೋಪುರಗಳೇ ಬಯಲಿನ ವಸ್ತುಸಂಗ್ರಹಾಲಯಗಳು. ಅವುಗಳಲ್ಲಿ ರಾಷ್ಟ್ರೀಯ ಮಹತ್ವವುಳ್ಳವು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಸ್ಮಾರಕಗಳು 3,600ಕ್ಕೂ ಹೆಚ್ಚು. ಟಿಕೆಟು ಇರುವುವು ಅವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. 2000ದ ಅಕ್ಟೋಬರ ತಿಂಗಳಲ್ಲಿ ಇಲಾಖೆಯು ವಿದೇಶೀಯರ ದರವನ್ನು ಬಹಳವಾಗಿ ಏರಿಸಿ, ದೊಡ್ಡ ಸ್ಮಾರಕಗಳಿಗೆ 10 ಡಾಲರು, ಉಳಿದವಕ್ಕೆ 5 ಡಾಲರು ಎಂದು ಗೊತ್ತುಮಾಡಿತು. ಅನಂತರ ಅದನ್ನು ಇಳಿಸಿ, ಭಾರತೀಯರಿಗೆ 10 ರೂಪಾಯಿ, ವಿದೇಶೀಯರಿಗೆ 250 ರೂಪಾಯಿ. ಎರಡನೆಯ ವರ್ಗದಲ್ಲಿ 5 ರೂಪಾಯಿ, 100 ರೂಪಾಯಿ ಎಂಬ ದರವು ಬಹುಕಾಲ ನಡೆಯಿತು. 2016ರ ಏಪ್ರಿಲಿನಲ್ಲಿ ಇವು ಕ್ರಮವಾಗಿ 30 ಮತ್ತು 500, 15 ಮತ್ತು 200 ಆದುವು. 2018ರ ಆಗಸ್ಟಿನಲ್ಲಿ ಮೊದಲನೆಯ ವರ್ಗಕ್ಕೆ 40 ಮತ್ತು 600, ಎರಡನೆಯದಕ್ಕೆ 25 ಮತ್ತು 300 ರೂಪಾಯಿ ಎಂದು ಏರಿದುವು. ಹಂಪೆ, ಪಟ್ಟದಕಲ್ಲುಗಳು ಮೊದಲನೆಯ ವರ್ಗದವು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಎಲ್ಲೆಡೆಯೂ ಉಚಿತ.

ಈ ಏರ್ಪಾಡಿನಲ್ಲಿ ‘ನಮ್ಮವರು’ ಯಾರೆಂಬುದನ್ನು ಮೂರು ಬಗೆಯಲ್ಲಿ ಗೊತ್ತುಮಾಡಿದ್ದಾರೆ. ಭಾರತದ ಪ್ರಜೆಯು ತಾನಾಗಿಯೇ ನಮ್ಮವನು. ಅವನ ರಾಜ್ಯ, ಭಾಷೆ, ಜಿಲ್ಲೆಗಳನ್ನು ಯಾರೂ ಕೇಳುವುದಿಲ್ಲ. ಎರಡನೆಯದಾಗಿ, ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ ಮೊದಲಾದ ಸಾರ್ಕ್ ಒಕ್ಕೂಟದ ದೇಶಗಳವರಿಗೂ, ಬಿಮ್‌ಸ್ಟೆಕ್ ಒಕ್ಕೂಟದ ಥಾಯ್‌ಲೆಂಡ್, ಮ್ಯಾನ್ಮಾರ್ ದೇಶಗಳವರಿಗೂ ಇಲಾಖೆಯ ಶುಲ್ಕವು ಸಾಮಾನ್ಯವಾಗಿ ಭಾರತೀಯರಷ್ಟೇ, ಅವರು ನೆರೆಯವರು. ಮೂರನೆಯದಾಗಿ, ಹೊರದೇಶದ ಪ್ರಜೆಯಾಗಿದ್ದರೂ ಭಾರತೀಯ ಮೂಲದವನೆಂದು ಸಾಗರೋತ್ತರ ಪೌರತ್ವದ ಚೀಟಿಯನ್ನು ಪಡೆದವನಿಗೆ 2009ರಿಂದ ಸ್ಮಾರಕಗಳ ಶುಲ್ಕದಲ್ಲಿ ಭಾರತೀಯರ ಸಮಾನತೆಯನ್ನು ಕೊಟ್ಟಿದ್ದಾರೆ. ಅವನು ಮೂಲದಿಂದ ನಮ್ಮವನು. ಇರುವಿಕೆ, ನೆರೆತನ, ಮೂಲ: ಈ ಮೂರು ಎಳೆಗಳಲ್ಲಿ ಒಂದಿದ್ದರೂ ಬಾಗಿಲಲ್ಲಿ ಬಂಧುತ್ವವುಂಟೆಂದು ನಮ್ಮ ದೇಶದ ನಿಯಮವು ಒಪ್ಪಿಕೊಂಡಂತಾಯಿತು.

ನಮ್ಮ ಕಾಸರಗೋಡು ಸೀಮೆಯ ಬೇಕಲ ಕೋಟೆಯ ಬಾಗಿಲಲ್ಲಿ ನಿಂತು ಇದನ್ನು ಪರೀಕ್ಷಿಸೋಣ. ಸುಮಾರು 40 ಎಕರೆ ವಿಸ್ತಾರವಾಗಿ ಕಡಲಂಚಿನಲ್ಲಿ ಚಾಚಿಕೊಂಡಿರುವ ಈ ಕೋಟೆಯನ್ನು 17ನೆಯ ಶತಮಾನದ ನಡುಭಾಗದಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆಂದು ಪ್ರತೀತಿ. ಕೆಳದಿಯ ಅರಸರು ಕನ್ನಡದ ಅರಸರು. 1763ರಲ್ಲಿ ಆ ರಾಜ್ಯವು ಹೈದರಾಲಿಗೆ ವಶವಾದ ಬಳಿಕ ಕೋಟೆಯು ಮೈಸೂರಿನ ಅಧೀನವಾಯಿತು. 1799ರಲ್ಲಿ ಟಿಪ್ಪುವು ಮಡಿದ ಮೇಲೆ ಕಂಪೆನಿಯ ಕೈಸೇರಿತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಂದು ತಾಲೂಕಿಗೆ ಬೇಕಲದ ಹೆಸರೇ ಇದ್ದ ಕಾಲವೂ ಇದ್ದಿತು. ಹುಲಿಯ ಬೊಂಬೆಯನ್ನು ಕಳೆದುಕೊಂಡ ಅದೇ ರಾಜ್ಯದ ಗೋಡೆಯಿದು. ಬೊಂಬೆಯನ್ನು ಹೊತ್ತುಕೊಂಡು ಹೋದರು, ಗೋಡೆಯನ್ನು ಹೊತ್ತುಕೊಂಡು ಹೋಗಲಾಗಲಿಲ್ಲ. ಸ್ವಾತಂತ್ರ್ಯಾನಂತರ ಮದರಾಸು ರಾಜ್ಯ, 1956ರಿಂದ ಕೇರಳ, 1984ರಿಂದ ಕಾಸರಗೋಡು ಜಿಲ್ಲೆ. ಕಲ್ಲು ಅಲ್ಲಿಯೇ ಇದೆ. ಅದರ ಒಡೆತನದ ಹೆಸರುಗಳು ಮಾತ್ರ ಒಂದರ ಮೇಲೊಂದು ಬಂದುವು.

ಈ ಕೋಟೆಯು ಕೇಂದ್ರದ ಇಲಾಖೆಯ ಎರಡನೆಯ ವರ್ಗದ ಸ್ಮಾರಕ. ಬಾಗಿಲಲ್ಲಿ ಭಾರತೀಯನಿಗೆ 25 ರೂಪಾಯಿ. ಪಳ್ಳಿಕ್ಕರೆಯವನಿಗೂ, ಬೆಂಗಳೂರಿನವನಿಗೂ, ತಿರುವನಂತಪುರದವನಿಗೂ, ದಿಲ್ಲಿಯವನಿಗೂ ಅದೇ ಮೊತ್ತ. ಕೋಟೆಯ ಕೆಳಗಿನ ಮನೆಯಲ್ಲಿ ತಲೆತಲಾಂತರದಿಂದ ಬಾಳಿದವನಿಗೆ ರಿಯಾಯಿತಿಯಿಲ್ಲದುದು ಒಂದು ಕೊರತೆಯೆಂದು ಹೇಳುವವರಿದ್ದಾರೆ. ಸಾಯಂಕಾಲ ಗಾಳಿಗೆ ಅಡ್ಡಾಡಲು ಬರುವ ಊರ ಮುದುಕನಿಂದ ದಿನವೂ 25 ರೂಪಾಯಿ ಕೇಳುವುದು ಹೇಗೆಂಬ ಅವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಈ ಸಮಾನ ದರದಲ್ಲಿ ಗಡಿನಾಡಿನ ನಮಗೆ ಒಂದು ಅಭಯವೂ ಇದೆ. ಕನ್ನಡಿಗನೋ ಮಲಯಾಳಿಯೋ, ಈ ರಾಜ್ಯದವನೋ ಆ ರಾಜ್ಯದವನೋ ಎಂದು ಕೇಳದೆ ಇರುವ ಬಾಗಿಲುಗಳಲ್ಲಿ ಅದು ಒಂದು.

ನಾಳೆ ರಾಜ್ಯ ಸರಕಾರಗಳು ತಮ್ಮತಮ್ಮ ಸಂಗ್ರಹಾಲಯಗಳಲ್ಲಿ ನ್ಯೂಯಾರ್ಕಿನ ಮಾದರಿಯನ್ನು ಅನುಸರಿಸಿ, ‘ನಮ್ಮ ರಾಜ್ಯದ ನಿವಾಸಿಗಳಿಗೆ ಒಂದು ದರ, ಹೊರರಾಜ್ಯದವರಿಗೆ ಇನ್ನೊಂದು ದರ’ ಎಂದು ಬರೆದರೆ ಏನಾದೀತು? ಕನ್ನಡ ಮಾಧ್ಯಮದ ನಮ್ಮ ಶಾಲೆಯ ಮಕ್ಕಳು ಪಾಠಪುಸ್ತಕದಲ್ಲಿ ಓದಿದ ಶಾಸನಗಳನ್ನೂ ಶಿಲ್ಪಗಳನ್ನೂ ಕಣ್ಣಾರೆ ಕಾಣಲೆಂದು ಘಟ್ಟ ಹತ್ತಿ ಹೋದಾಗ ಯಾವ ಸಾಲಿನಲ್ಲಿ ನಿಲ್ಲತಕ್ಕುದು? ಅವರ ರೇಶನ್ ಚೀಟಿಯು ಕೇರಳದ್ದು. ಅವರ ಕೈಯ ಪುಸ್ತಕ ಕನ್ನಡದ್ದು. ವಾಸಸ್ಥಾನದ ಎಳೆಯೊಂದನ್ನೇ ಹಿಡಿದರೆ ಅವರು ಅಲ್ಲಿ ಹೊರಗಿನವರು. ಭಾಷೆಯ ಎಳೆಯೊಂದನ್ನೇ ಹಿಡಿದರೆ, ತಾವು ಹುಟ್ಟಿ ಬೆಳೆದು ತೆರಿಗೆ ಕೊಡುವ ಕೇರಳದಲ್ಲಿಯೇ ಹೊರಗಿನವರೆನಿಸಿಯಾರು. ಎರಡು ಬಾಗಿಲುಗಳಲ್ಲಿಯೂ ಹೊರಗಿನವರಾಗುವ ಈ ಅಪಾಯವು ಗಡಿನಾಡಿನವರಿಗೆ ಮಾತ್ರ ವಿಶೇಷವಾದುದು.

ಅದೇ ಲೆಕ್ಕವನ್ನು ಮತ್ತೊಂದು ಬಗೆಯಿಂದ ಹಾಕಿದರೆ ಫಲವು ವಿಪರೀತವಾಗುತ್ತದೆ. ಇರುವಿಕೆಯಿಂದ ನಾವು ಕೇರಳದ ಊರವರು. ಬೇಕಲದ ಕೋಟೆಯು ನಮ್ಮ ನೆರೆಯಲ್ಲಿದೆ, ಅದರ ರಕ್ಷಣೆಯಲ್ಲಿ ನಮ್ಮ ತೆರಿಗೆಯೂ ಸೇರಿದೆ. ನೆರೆತನದಿಂದ, ನುಡಿಯಿಂದ, ಹಿರಿಯರ ಮೂಲದಿಂದ ನಾವು ಕರ್ನಾಟಕಕ್ಕೂ ಊರವರು. ಗೆರೆಯ ಎರಡು ಕಡೆಗೂ ನಾವು ಒಳಗಿನವರೇ. ನ್ಯೂಯಾರ್ಕಿನವರು ನದಿಯಾಚೆಯ ವಿದ್ಯಾರ್ಥಿಗಳನ್ನು ಒಳಕ್ಕೆ ಕರೆದುಕೊಂಡರು. ಪ್ಯಾರಿಸಿನವರು ನೆರೆಯ ರಾಷ್ಟ್ರಗಳನ್ನು ಒಳಗಿಟ್ಟುಕೊಂಡರು. ನಮ್ಮ ದೇಶವೇ ಭೂತಾನ ಶ್ರೀಲಂಕೆಗಳವರನ್ನು ತನ್ನವರ ಸಾಲಿನಲ್ಲಿ ನಿಲ್ಲಿಸಿತು. ಹೀಗಿರಲು, ಚಂದ್ರಗಿರಿ ಹೊಳೆಯ ದಡದ ಮಗುವನ್ನು ಮೈಸೂರಿನವರೂ, ಮಂಗಳೂರಿನಿಂದ ಬಂದ ಮಗುವನ್ನು ಕೇರಳದವರೂ ತಮ್ಮದೆಂದು ಎಣಿಸುವುದು ಅಸಾಧ್ಯವಾದ ಮಾತೇನೂ ಅಲ್ಲ. ಇಂಥ ನಿಯಮಗಳನ್ನು ಮಾಡುವ ಪ್ರಸಂಗ ಬಂದಾಗ, ಗಡಿ ಜಿಲ್ಲೆಗಳ ವಿದ್ಯಾರ್ಥಿಗಳನ್ನು ಎರಡು ಕಡೆಯವರೂ ಊರವರೆಂದೇ ಎಣಿಸಬೇಕೆಂದು ಕೇಳುವ ಹಕ್ಕು ನಮಗಿದೆ. ಕೇಳಲು ಲೋಕದ ದೃಷ್ಟಾಂತವೂ ಇದೆ.

ಇನ್ನೊಬ್ಬರ ಬಾಗಿಲಿನ ವಿಷಯವನ್ನು ಇಷ್ಟು ಹೇಳಿದ ನಾವು ನಮ್ಮ ಬಾಗಿಲಿನ ವಿಷಯವನ್ನೂ ಆಲೋಚಿಸತಕ್ಕುದು. ನಮ್ಮ ಸೀಮೆಯ ಮನೆಮನೆಗಳಲ್ಲಿ ತಾಳೆಗರಿಯ ಗ್ರಂಥಗಳು, ಹಳೆಯ ಲೆಕ್ಕದ ಕಡತಗಳು, ಯಕ್ಷಗಾನದ ಪ್ರಸಂಗದ ಪ್ರತಿಗಳು, ಬೇಸಾಯದ ಉಪಕರಣಗಳು ಗೆದ್ದಲಿನ ಪಾಲಾಗುತ್ತಿವೆ. ಅವುಗಳನ್ನು ಕೂಡಿಟ್ಟು ಸಣ್ಣದೊಂದು ಸಂಗ್ರಹಾಲಯವನ್ನು ಮಾಡುವ ಉತ್ಸಾಹವು ಎಲ್ಲಿಯಾದರೂ ಮೂಡಿದರೆ, ಅದರ ಬಾಗಿಲಲ್ಲಿ ಏನು ಬರೆಯಬೇಕೆಂಬುದನ್ನು ಮೇಲಿನ ಚರಿತ್ರೆಯೇ ಹೇಳಿಕೊಡುತ್ತದೆ. ಮಕ್ಕಳಿಂದ ಕಾಸನ್ನೂ ಕೇಳಬಾರದು, ಚೀಟಿಯನ್ನೂ ಕೇಳಬಾರದು. ದುಡಿಯುವವರಿಗೆ ಬಿಡುವಿರುವ ದಿನ ಬಾಗಿಲು ತೆರೆದಿರಬೇಕು. 1891ರ ಆ ಆದಿತ್ಯವಾರವನ್ನು ಮರೆಯಬಾರದು. ಊರವರೆಂದರೆ ಆ ಊರಿನಲ್ಲಿ ಬಾಳುವವರೆಲ್ಲರೂ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಯಾವುದನ್ನು ಮನೆಯಲ್ಲಿ ಆಡಿದರೂ ಸರಿಯೇ. ಗುರುತಿನ ಚೀಟಿ ಮರೆತು ಬಂದವನ ಬಾಯಿಮಾತನ್ನೇ ನಂಬಿ ಒಳಗೆ ಬಿಡಬೇಕು. ಹೊರಗಿನಿಂದ ಬಂದ ಶ್ರೀಮಂತ ಪ್ರವಾಸಿಯಿಂದ ಸ್ವಲ್ಪ ಹೆಚ್ಚು ಕೇಳಿದರೆ ತಪ್ಪಿಲ್ಲ. ಆದರೆ ಆ ಹಣವು ಯಾವ ಕೆಲಸಕ್ಕೆ ಹೋಗುವುದೆಂಬುದನ್ನು ಅಲ್ಲಿಯೇ ಬರೆದಿರಬೇಕು.

ಕೊನೆಯದಾಗಿ, ಹಲಗೆಯ ಅಕ್ಷರಗಳ ಮಾತು. ಓದಲಾಗದ ನಿಯಮವು ನಿಯಮವೇ ಅಲ್ಲವೆಂಬುದನ್ನು ನ್ಯೂಯಾರ್ಕಿನ ದಾವೆಯಿಂದ ಕಲಿತೆವು. 1969ರ ಕೇರಳದ ರಾಜಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶವನ್ನಿತ್ತಿದೆ. ಸರಕಾರವು ನಮ್ಮ ಭಾಷೆಯಲ್ಲಿ ನಮ್ಮೊಡನೆ ಮಾತಾಡಲಿ ಎಂದು ಅಪೇಕ್ಷಿಸುವ ನಾವು, ನಮ್ಮ ಬಾಗಿಲಿನ ಹಲಗೆಯಲ್ಲಿ ನೆರೆಯವನ ಭಾಷೆಗೂ ಎಡೆ ಕೊಡಬೇಕು. ಕನ್ನಡ, ಮಲಯಾಳ ಎರಡರಲ್ಲಿಯೂ ಒಂದೇ ಗಾತ್ರದ ಅಕ್ಷರಗಳಲ್ಲಿ ಬರೆದ ಹಲಗೆಯನ್ನು ನೋಡಿದವನಿಗೆ, ಟಿಕೆಟಿನ ಬೆಲೆಯನ್ನು ಓದುವ ಮೊದಲೇ, ಒಳಗೆ ತನಗೆ ಸ್ಥಾನವಿದೆಯೆಂಬುದು ತಿಳಿಯುವುದು. ಹಾಗೆ ತಿಳಿಯುವಂತೆ ಮಾಡುವ ಕೆಲಸವನ್ನು ಇನ್ನೊಬ್ಬರು ಮಾಡಲೆಂದು ಕಾಯದೆ, ಗಡಿನಾಡಿನವರಾದ ನಾವೇ ಮೊದಲು ಮಾಡಿ ತೋರಿಸೋಣ.